ಅವ್ವನಿಗೆ 68 ವರ್ಷ, ಸ್ತನ ಉಳಿಸುವ ಆಪರೇಷನ್ ಕೇಳಬಹುದಾ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 68 ವರ್ಷ. ಎಡ ಎದೆಯಲ್ಲಿ ಗಂಟು ಇತ್ತು, ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಈಗ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಗಂಟು ಎರಡೂವರೆ ಸೆಂ.ಮೀ., ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ಕಂಕುಳಲ್ಲಿ ಏನೂ ಕಾಣಲಿಲ್ಲ. ಡಾಕ್ಟರು, "ಈ ವಯಸ್ಸಲ್ಲಿ ಪೂರ್ತಿ ತೆಗೆದುಬಿಡೋದೇ ಒಳ್ಳೇದು, ಇಲ್ಲಾಂದ್ರೆ ದಿನಾ ಕರೆಂಟ್ ಕೊಡಿಸೋಕೆ ಹುಬ್ಬಳ್ಳಿಗೆ ಓಡಾಡ್ಬೇಕಾಗುತ್ತೆ" ಅಂದರು. ಅಣ್ಣಂದಿರು ಒಪ್ಪಿದ್ದಾರೆ. ಅವ್ವ ಮಾತ್ರ "ನೀವು ಹ್ಯಾಂಗ ಅಂತೀರಿ ಹಂಗ" ಅನ್ನುತ್ತಾಳೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಗಂಟು ಮಾತ್ರ ತೆಗೆದು ಸ್ತನ ಉಳಿಸಬಹುದು ಅಂತ ಓದಿದೆ. ಹಾಗೆ ಮಾಡಿದರೆ ಜೀವಕ್ಕೆ ಅಪಾಯ ಜಾಸ್ತಿಯಾ? ಈ ವಯಸ್ಸಲ್ಲಿ ಅದನ್ನು ಕೇಳುವುದು ತಪ್ಪಾ?

ಉತ್ತರ: ಖಂಡಿತ ತಪ್ಪಿಲ್ಲ. ನೀವು ಕೊಟ್ಟಿರುವ ವಿವರ ನೋಡಿದರೆ ನಿಮ್ಮ ಅವ್ವನಿಗೆ ಸ್ತನ ಉಳಿಸುವ ಚಿಕಿತ್ಸೆ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಹಾರ್ಮೋನ್ ಪಾಸಿಟಿವ್ ಅಂದರೆ ಮೈಯ ಹಾರ್ಮೋನಿನ ಬಲದಿಂದ ಬೆಳೆಯುವ ಗಂಟು, ಅದನ್ನು ತಡೆಯುವ ಮಾತ್ರೆ ಇದೆ. ಹರ್-2 ಅಂದರೆ ಕ್ಯಾನ್ಸರನ್ನು ಬೇಗ ಬೆಳೆಸುವ ಒಂದು ಪ್ರೋಟೀನ್, ನೆಗೆಟಿವ್ ಅಂದರೆ ಅದು ಹೆಚ್ಚಿಲ್ಲ. ರಿಪೋರ್ಟು, ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಎಲ್ಲ ಕೈಯಲ್ಲಿ ಹಿಡಿದು, ಅವರನ್ನು ಪರೀಕ್ಷೆ ಮಾಡದೆ ನಾನು ಇದೇ ಸರಿ ಅಂತ ಹೇಳಲಾರೆ. ಆದರೆ ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಮೊದಲು ಜೀವದ ಮಾತು, ಅದೇ ತಾನೇ ನಿಮ್ಮ ಅಣ್ಣಂದಿರ ಭಯ. "ಪೂರ್ತಿ ತೆಗೆದರೆ ಬೇರು ಸಮೇತ ಹೋಗುತ್ತೆ, ಅರ್ಧ ತೆಗೆದರೆ ಉಳಿದದ್ದು ಮತ್ತೆ ಚಿಗುರುತ್ತೆ." ಹೊಲದ ಕಳೆ ಕಿತ್ತವರಿಗೆ ಹಾಗೆ ಅನ್ನಿಸುವುದು ಸಹಜ. ಡಾಕ್ಟರುಗಳೂ ಬಹಳ ಕಾಲ ಹಾಗೇ ನಂಬಿದ್ದರು. ಅಮೆರಿಕದ ಹಾಲ್‌ಸ್ಟೆಡ್ ಎಂಬ ಸರ್ಜನ್ 1890ರ ದಶಕದಲ್ಲಿ ಸ್ತನದ ಜೊತೆಗೆ ಎದೆಯ ಮಾಂಸಖಂಡವನ್ನೂ ತೆಗೆಯುವ ಪದ್ಧತಿ ತಂದರು. ಮುಂದೆ ಎಪ್ಪತ್ತು ಎಂಬತ್ತು ವರ್ಷ ಅದೇ ನಡೆಯಿತು. ಆಮೇಲೆ ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಕೆಲವರಿಗೆ ಸ್ತನ ಪೂರ್ತಿ ತೆಗೆದರು, ಕೆಲವರಿಗೆ ಗಂಟಿರುವ ಭಾಗ ಮಾತ್ರ. ಎಲ್ಲರನ್ನೂ 20 ವರ್ಷ ನೋಡುತ್ತಾ ಬಂದರು. 2002ರಲ್ಲಿ ಎರಡೂ ಕಡೆಯ ಫಲಿತಾಂಶ ಹೊರಬಂತು. ಪೂರ್ತಿ ತೆಗೆಸಿಕೊಂಡವರೂ ಉಳಿಸಿಕೊಂಡವರೂ ಬದುಕಿದ್ದು ಒಂದೇ ಸಮ. ಜೀವಕ್ಕೆ ಅಪಾಯ ಬರುವುದು ಕ್ಯಾನ್ಸರ್ ಕಣಗಳು ಎಲುಬು, ಶ್ವಾಸಕೋಶ, ಲಿವರ್‌ಗೆ ಹೋಗಿ ಸೇರಿದಾಗ. ಎದೆಯಿಂದ ಎಷ್ಟು ಮಾಂಸ ತೆಗೆದೆವು ಎನ್ನುವುದು ಅದನ್ನು ತಡೆಯುವುದಿಲ್ಲ.

ವ್ಯತ್ಯಾಸ ಇರುವುದು ಬೇರೆ ಕಡೆ. ಫಿಷರ್ ಅವರ ಪರೀಕ್ಷೆಯಲ್ಲಿ ಗಂಟು ತೆಗೆದು ಸುಮ್ಮನೆ ಬಿಟ್ಟವರಲ್ಲಿ 20 ವರ್ಷದೊಳಗೆ ನೂರಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ಮತ್ತೆ ಗಂಟು ಬಂತು. ರೇಡಿಯೇಷನ್, ಅಂದರೆ ನಿಮ್ಮ ಡಾಕ್ಟರು ಹೇಳಿದ ಕರೆಂಟ್, ಕೊಟ್ಟವರಲ್ಲಿ ಅದು 14ಕ್ಕೆ ಇಳಿಯಿತು. ಅದಕ್ಕೇ ಸ್ತನ ಉಳಿಸುವ ಚಿಕಿತ್ಸೆ ಅಂದರೆ ಎರಡು ಸೇರಿದ್ದು: ಗಂಟನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗದ ಜೊತೆ ತೆಗೆಯುವುದು, ಆಮೇಲೆ ರೇಡಿಯೇಷನ್. ಹಳ್ಳಿಯ ಹೆಣ್ಣುಮಕ್ಕಳ ವಿಷಯದಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವುದು ಈ ಎರಡನೆಯದರ ಹತ್ತಿರ.

ನಿಮ್ಮ ಡಾಕ್ಟರ ಮಾತನ್ನು ಇನ್ನೊಮ್ಮೆ ಓದಿ. "ಈ ವಯಸ್ಸಲ್ಲಿ" ಅಂತ ಶುರುಮಾಡಿ "ಹುಬ್ಬಳ್ಳಿಗೆ ಓಡಾಡ್ಬೇಕಾಗುತ್ತೆ" ಅಂತ ಮುಗಿಸಿದ್ದಾರೆ. ಅವರ ನಿಜವಾದ ಕಾರಣ ದೂರ. ವಯಸ್ಸು ಮುಂದೆ ಬಂದು ನಿಂತಿದೆ ಅಷ್ಟೆ. ಅವರನ್ನು ನಾನು ದೂರುವುದಿಲ್ಲ. ರೇಡಿಯೇಷನ್ ಅರ್ಧಕ್ಕೆ ಬಿಟ್ಟು ಹೋಗಿ, ಎರಡು ವರ್ಷಕ್ಕೆ ಮತ್ತೆ ಗಂಟು ಕಟ್ಟಿಕೊಂಡು ಬಂದವರನ್ನು ಅವರು ನೋಡಿರುತ್ತಾರೆ. ನಾನೂ ನೋಡಿದ್ದೇನೆ. ಕರ್ನಾಟಕದಲ್ಲಿ ರೇಡಿಯೇಷನ್ ಯಂತ್ರಗಳು ಇರುವುದು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯಂಥ ಊರುಗಳಲ್ಲಿ. ಕೊಪ್ಪಳದಿಂದ ಹುಬ್ಬಳ್ಳಿಗೇ ನೂರು ಕಿಲೋಮೀಟರಿಗಿಂತ ಜಾಸ್ತಿ, ನಿಮ್ಮ ಹಳ್ಳಿಯಿಂದ ಬಸ್ ಹಿಡಿದು ಬರುವುದು ಬೇರೆ. 68ರ ಹೆಂಗಸು ವಾರಕ್ಕೆ ಐದು ದಿನ ಹೀಗೆ ಹೋಗಿಬರಬೇಕು ಅಂದರೆ, ಎದೆ ಹೋದರೆ ಹೋಗಲಿ ಅಂತಲೇ ಮನೆಯವರು ಹೇಳುತ್ತಾರೆ.

ಆದರೆ ಆ ದೂರ ಈಗ ಬಹಳ ಕಮ್ಮಿಯಾಗಿದೆ. ಇದು ಎಷ್ಟೋ ಮನೆಗೆ, ಕೆಲವು ಡಾಕ್ಟರುಗಳಿಗೂ ಇನ್ನೂ ಮುಟ್ಟಿಲ್ಲ. ಹಿಂದೆ ರೇಡಿಯೇಷನ್ ಅಂದರೆ ಐದಾರು ವಾರ, 25ರಿಂದ 30 ಸಲ. ಆಮೇಲೆ ದಿನಕ್ಕೆ ಸ್ವಲ್ಪ ಜಾಸ್ತಿ ಡೋಸ್ ಕೊಟ್ಟು 15 ಸಲಕ್ಕೆ, ಅಂದರೆ ಮೂರು ವಾರಕ್ಕೆ ಮುಗಿಸುವ ಕ್ರಮ ಬಂತು. ಈಗ ಹೆಚ್ಚಿನ ಕಡೆ ಅದೇ ರೂಢಿ. 2020ರಲ್ಲಿ ಬ್ರಿಟನ್ನಿನ ಫಾಸ್ಟ್ ಫಾರ್ವರ್ಡ್ ಎಂಬ ಅಧ್ಯಯನ ಇನ್ನೂ ಮುಂದೆ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷ ನೋಡಿ, ಒಂದೇ ವಾರದಲ್ಲಿ 5 ಸಲ ಕೊಟ್ಟರೂ ಮೂರು ವಾರದಷ್ಟೇ ಚೆನ್ನಾಗಿ ರೋಗ ಹಿಡಿತದಲ್ಲಿರುತ್ತದೆ ಅಂತ ತೋರಿಸಿತು. ಸೋಮವಾರ ಶುರುವಾದರೆ ಶುಕ್ರವಾರ ಮುಗಿಯಿತು. ಎಲ್ಲ ಆಸ್ಪತ್ರೆಯಲ್ಲೂ, ಎಲ್ಲರಿಗೂ ಇದನ್ನು ಕೊಡುವುದಿಲ್ಲ. ಕಂಕುಳಿಗೂ ರೇಡಿಯೇಷನ್ ಬೇಕಾದರೆ ಲೆಕ್ಕ ಬೇರೆ. ಆದರೆ ನಿಮ್ಮ ಅವ್ವನಂಥವರಿಗೆ ಕೇಳಿ ನೋಡಲೇಬೇಕು. "ಐದು ದಿನದ್ದು ಆಗುತ್ತಾ, 15 ದಿನದ್ದು ಆಗುತ್ತಾ?" ಅಂತ ನೇರವಾಗಿ ಕೇಳಿ. ಐದು ದಿನ ಅಂದರೆ ನೆಂಟರ ಮನೆ ಮದುವೆಗೆ ಹೋಗಿ ಉಳಿದಷ್ಟು. ನಿಮ್ಮ ಅಣ್ಣಂದಿರಿಗೆ ಮೊದಲು ಇದನ್ನೇ ಹೇಳಿ.

ಇನ್ನೂ ಒಂದು ವಿಷಯ ಇದೆ, ಇದು ವಯಸ್ಸಾದವರಿಗೆ ಮಾತ್ರ ಸಿಗುವ ಅನುಕೂಲ. 65 ದಾಟಿದವರು, ಗಂಟು 3 ಸೆಂ.ಮೀ. ಒಳಗೆ, ಹಾರ್ಮೋನ್ ಪಾಸಿಟಿವ್, ಕಂಕುಳಿಗೆ ಹರಡಿಲ್ಲ, ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿಲ್ಲ. ಇಂಥವರ ಮೇಲೆಯೇ ಪ್ರೈಮ್-2 ಅಂತ ಒಂದು ಅಧ್ಯಯನ ಆಗಿದೆ. ಹತ್ತು ವರ್ಷದ ಫಲಿತಾಂಶ 2023ರಲ್ಲಿ ಬಂತು. ಎಲ್ಲರೂ ಹಾರ್ಮೋನ್ ತಡೆಯುವ ಮಾತ್ರೆ ತಗೊಳ್ಳುವವರೇ. ರೇಡಿಯೇಷನ್ ಕೊಟ್ಟವರಲ್ಲಿ ನೂರಕ್ಕೆ ಒಬ್ಬರಿಗೆ ಅದೇ ಸ್ತನದಲ್ಲಿ ಮತ್ತೆ ಬಂತು, ಕೊಡದವರಲ್ಲಿ ಒಂಬತ್ತು ಹತ್ತು ಮಂದಿಗೆ ಬಂತು. ಬದುಕಿ ಉಳಿದವರ ಲೆಕ್ಕ ಮಾತ್ರ ಎರಡೂ ಕಡೆ ನೂರಕ್ಕೆ 81ರ ಆಸುಪಾಸು, ಒಂದೇ ಸಮ. ಅಂದರೆ ರೇಡಿಯೇಷನ್ ಬಿಟ್ಟು, ಗಂಟು ತೆಗೆಸಿ, ಮಾತ್ರೆ ತಗೊಳ್ಳುವುದೂ ನಿಮ್ಮ ಅವ್ವನ ಮುಂದಿರುವ ಒಂದು ದಾರಿ. ಆಪರೇಷನ್ ಆದಮೇಲಿನ ಬಯಾಪ್ಸಿ ರಿಪೋರ್ಟ್ ಎಲ್ಲ ಅನುಕೂಲವಾಗಿದ್ದರೆ ಮಾತ್ರ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ಆ ದಾರಿಯಲ್ಲಿ ಮಾತ್ರೆಯೇ ಕಾವಲು. ಲೆಟ್ರೋಜೋಲ್ ಆಗಲಿ ಟ್ಯಾಮಾಕ್ಸಿಫೆನ್ ಆಗಲಿ, ದಿನಕ್ಕೆ ಒಂದು, ಕಮ್ಮಿ ಅಂದರೂ ಐದು ವರ್ಷ. ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಮ್. ಮಾತ್ರೆ ದುಬಾರಿಯೇನಲ್ಲ. ಆದರೂ ಊರಿಗೆ ಹೋದಮೇಲೆ ಆರೆಂಟು ತಿಂಗಳಿಗೆ ನಿಂತುಬಿಡುತ್ತೆ. "ಆರಾಮ ಅದೀನಿ, ಮತ್ಯಾಕ ಗುಳಿಗಿ?" ಅಂತ ಬಿಟ್ಟವರು ಬೇಕಾದಷ್ಟಿದ್ದಾರೆ. ಲೆಟ್ರೋಜೋಲ್‌ನಿಂದ ಕೀಲು ನೋಯುತ್ತದೆ, ಎಲುಬು ಸವೆಯುತ್ತದೆ, ಅದಕ್ಕೂ ಬಿಡುತ್ತಾರೆ. ಹಾಗಾಗಿ ಐದು ದಿನವೋ 15 ದಿನವೋ ರೇಡಿಯೇಷನ್ ಮಾಡಿಸಲು ಆಗುವುದಾದರೆ ಮಾಡಿಸುವುದು ಲೇಸು ಅಂತ ನಾನು ಹೇಳುತ್ತೇನೆ. ಆಗಲೇ ಇಲ್ಲ ಅಂದರೆ, ಬರೀ ಅದೊಂದೇ ಕಾರಣಕ್ಕೆ ಸ್ತನ ತೆಗೆಯುವ ಮುಂಚೆ ಮಾತ್ರೆಯ ದಾರಿಯನ್ನು ಯೋಚಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಪೂರ್ತಿ ತೆಗೆದರೆ ಕರೆಂಟ್ ತಪ್ಪುತ್ತದೆ ಅಂತ. ಯಾವಾಗಲೂ ತಪ್ಪುವುದಿಲ್ಲ. ಗಂಟು 5 ಸೆಂ.ಮೀ. ದಾಟಿದ್ದರೆ, ಕಂಕುಳಿನ ನಾಲ್ಕು ಅಥವಾ ಹೆಚ್ಚು ಗ್ರಂಥಿಗಳಿಗೆ ಹರಡಿದ್ದರೆ, ಸ್ತನ ತೆಗೆದ ಮೇಲೂ ರೇಡಿಯೇಷನ್ ಬೇಕೇ ಬೇಕು. ಓಡಾಟ ತಪ್ಪಲಿ ಅಂತ ಎದೆ ಕೊಟ್ಟು, ಕೊನೆಗೆ ಓಡಾಟವನ್ನೂ ಮಾಡಿದವರಿದ್ದಾರೆ.

"ಕರೆಂಟ್" ಎಂಬ ಹೆಸರೇ ಅರ್ಧ ಭಯ ಹುಟ್ಟಿಸುತ್ತದೆ. ಒಬ್ಬ ಅಜ್ಜಿ ಮೊದಲ ದಿನ ರೇಡಿಯೇಷನ್ ಕೋಣೆಯ ಹೊರಗೆ ಕೂತು ಕಾಲುಂಗುರ ಬಿಚ್ಚುತ್ತಿದ್ದರು. ನಲವತ್ತು ವರ್ಷದಿಂದ ಬಿಚ್ಚಿರಲಿಲ್ಲವಂತೆ, ಬೆರಳು ಉಬ್ಬಿ ಉಂಗುರ ಬರುತ್ತಿಲ್ಲ. ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅದೇ ಗಂಟಿನಲ್ಲಿ ಬಸ್ಸಿನ ಶೂನ್ಯ ಟಿಕೆಟ್ಟೂ ಇತ್ತು. ಯಾಕಮ್ಮ ಅಂದರೆ, "ಬೆಳ್ಳಿಗೆ ಕರೆಂಟ್ ಹಿಡಿಯುತ್ತಲ್ಲ" ಅಂದರು. ಶಾಕ್ ಹೊಡೆಯುತ್ತೆ ಅಂತ ಅಷ್ಟು ದಿನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು, ಯಾರೂ ಬಿಡಿಸಿ ಹೇಳಿರಲಿಲ್ಲ. ಹೇಳಲು ಎರಡು ನಿಮಿಷ ಸಾಕಿತ್ತು. ಎಕ್ಸ್‌ರೇ ತೆಗೆಸಿದ ಹಾಗೆ ಸುಮ್ಮನೆ ಮಲಗಬೇಕು. ಐದು ಹತ್ತು ನಿಮಿಷ. ಶಾಕ್ ಇಲ್ಲ, ಆ ಹೊತ್ತಿನಲ್ಲಿ ನೋವಿಲ್ಲ, ತಲೆಗೂದಲು ಉದುರುವುದಿಲ್ಲ, ಮನೆಗೆ ಹೋಗಿ ಮೊಮ್ಮಗನನ್ನು ಎತ್ತಿಕೊಳ್ಳಬಹುದು. ಕೆಲವು ದಿನ ಆದಮೇಲೆ ಚರ್ಮ ಬಿಸಿಲಿಗೆ ಕಂದಿದ ಹಾಗೆ ಕಂದುತ್ತದೆ, ಸುಸ್ತಾಗುತ್ತದೆ, ಆಮೇಲೆ ಸರಿಹೋಗುತ್ತದೆ. ನಿಮ್ಮ ಅವ್ವನಿಗೂ ಇಂಥದ್ದೇ ಏನಾದರೂ ಮನಸ್ಸಿನಲ್ಲಿ ಇರಬಹುದು. ಕೇಳಿ ನೋಡಿ.

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮಾಡಿಸಿಕೊಳ್ಳಿ. ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ಹುಡುಕಿ. ಅವ್ವನಿಗೆ ಬಸ್ ಪ್ರಯಾಣ ಹೇಗೂ ಶಕ್ತಿ ಯೋಜನೆಯಲ್ಲಿ ಉಚಿತ. ಕೊಪ್ಪಳದಿಂದ ರೈಲಿನಲ್ಲಿ ಹೋದರೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಗೊಳ್ಳಬೇಕು. ಆದರೆ ಜೊತೆಗೆ ಬಂದವರ ಕೂಲಿ, ಊಟ, ರೂಮಿನ ಬಾಡಿಗೆ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ನಿರ್ಧಾರ ಆಗುವುದು ಈ ಲೆಕ್ಕದ ಮೇಲೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನೀವು ಬೆಂಗಳೂರಿನಲ್ಲಿದ್ದೀರಿ. ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸಿ, ಅವ್ವ ನಿಮ್ಮ ಮನೆಯಲ್ಲೇ ಇದ್ದು ರೇಡಿಯೇಷನ್ ಮುಗಿಸಿಕೊಂಡು ಹೋಗಬಹುದಾ? ಆ ಭಾರ ನಾನು ಹೊರುತ್ತೇನೆ ಅಂತ ನೀವು ಮುಂದೆ ಬಂದರೆ ಅಣ್ಣಂದಿರ ಮಾತು ತಾನೇ ಬದಲಾಗುತ್ತದೆ. ಹುಬ್ಬಳ್ಳಿಯೇ ಹತ್ತಿರ ಅನ್ನಿಸಿದರೆ ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ. ಮೂರು ವಾರ ದಿನಾ ಓಡಾಡುವುದಕ್ಕಿಂತ ಆಸ್ಪತ್ರೆ ಹತ್ತಿರ ಉಳಿದುಕೊಳ್ಳುವುದೇ ವಾಸಿ.

ನಿಮ್ಮ ಅವ್ವನ ಅದೃಷ್ಟ ಅಂದರೆ ಗಂಟನ್ನು ಯಾರೂ ಮೊದಲೇ ಕುಯ್ದಿಲ್ಲ. ಇದು ಸಣ್ಣ ಊರುಗಳಲ್ಲಿ ಬಹಳ ಆಗುತ್ತದೆ. ಗಂಟು ಅಂತ ಹೋದರೆ ಅಲ್ಲೇ ನರ್ಸಿಂಗ್ ಹೋಮಿನಲ್ಲಿ ತೆಗೆದುಬಿಡುತ್ತಾರೆ. ಕೆಲವೊಮ್ಮೆ ಪರೀಕ್ಷೆಗೂ ಕಳಿಸುವುದಿಲ್ಲ, ಕಳಿಸಿದರೂ ಅಂಚಿನ ವಿವರ ಇರುವುದಿಲ್ಲ. ಆಮೇಲೆ ನಮ್ಮ ಹತ್ತಿರ ಬಂದಾಗ ಗಂಟು ಎಷ್ಟಿತ್ತು, ಎಲ್ಲಿತ್ತು, ಎಲ್ಲ ಬಂತಾ, ಏನೂ ಗೊತ್ತಾಗುವುದಿಲ್ಲ. ಉಳಿಸಬಹುದಾಗಿದ್ದ ಸ್ತನ ಹಾಗೆ ಹೋಗಿದೆ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ಮೊದಲು ಸೂಜಿ ಬಯಾಪ್ಸಿ, ಆಮೇಲೆ ಚಾಕು. ಸೂಜಿ ಹಾಕಿದರೆ ಹರಡುತ್ತದೆ ಅನ್ನುವುದು ಸುಳ್ಳು.

ಆರು ತಿಂಗಳು ಹೇಳದೆ ಇದ್ದದ್ದಕ್ಕೆ ಅವರನ್ನು ಬೈಯಬೇಡಿ. ನೋವಿಲ್ಲದ ಗಂಟನ್ನು ನಮ್ಮ ಹೆಣ್ಣುಮಕ್ಕಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸುಗ್ಗಿ ಮುಗಿಯಲಿ, ಮೊಮ್ಮಗಳ ಬಾಣಂತನ ಮುಗಿಯಲಿ ಅಂತ ಮುಂದೂಡುತ್ತಾರೆ. ಮುಂಬೈಯಲ್ಲಿ ಟಾಟಾ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿಸಿ 20 ವರ್ಷ ನೋಡಿದರು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ 30ರಷ್ಟು ಕಮ್ಮಿಯಾಯಿತು. ಯಂತ್ರ ಬೇಡ, ಕೈ ಸಾಕು. ಗಂಟು ಸಣ್ಣದಿದ್ದಾಗಲೇ ಸಿಕ್ಕರೆ ಸ್ತನ ಉಳಿಸುವ ಮಾತೂ ಸುಲಭ. ದೊಡ್ಡದಿದ್ದರೂ ದಾರಿ ಪೂರ್ತಿ ಮುಚ್ಚಿಲ್ಲ. ಹಾರ್ಮೋನ್ ಪಾಸಿಟಿವ್ ಇರುವ ಹಿರಿಯರಿಗೆ ಆಪರೇಷನ್ ಮುಂಚೆ ನಾಲ್ಕಾರು ತಿಂಗಳು ಲೆಟ್ರೋಜೋಲ್ ಕೊಟ್ಟು ಗಂಟನ್ನು ಕುಗ್ಗಿಸಿ, ಆಮೇಲೆ ಅಷ್ಟನ್ನೇ ತೆಗೆಯುತ್ತೇವೆ.

ಪೂರ್ತಿ ತೆಗೆಯಲೇಬೇಕಾದ ಸಂದರ್ಭಗಳೂ ಇವೆ. ಒಂದೇ ಸ್ತನದಲ್ಲಿ ದೂರ ದೂರ ಹಲವು ಗಂಟು, ಸ್ತನದ ಗಾತ್ರಕ್ಕೆ ಗಂಟು ತೀರಾ ದೊಡ್ಡದು, ಚರ್ಮವೆಲ್ಲ ಕೆಂಪಾಗಿ ಊದಿರುವ ಬಗೆ, ಅಥವಾ ಮತ್ತೆ ಮತ್ತೆ ತೆಗೆದರೂ ಅಂಚಿನಲ್ಲಿ ಕ್ಯಾನ್ಸರ್ ಉಳಿಯುವುದು. ಹಾಗಿದ್ದರೆ ಹಿಂದೆಮುಂದೆ ನೋಡಬಾರದು.

ಆಪರೇಷನ್ ತಡೆಯುತ್ತಾರಾ ಅನ್ನುವುದಕ್ಕೆ ವಯಸ್ಸಿಗಿಂತ ಬಿಪಿ, ಶುಗರ್, ಹೃದಯ ಮುಖ್ಯ. ಎರಡರಲ್ಲಿ ಸಣ್ಣ ಆಪರೇಷನ್ ಯಾವುದು ಅಂದರೆ ಗಂಟು ತೆಗೆಯುವುದೇ. ಹೊತ್ತು ಕಮ್ಮಿ, ರಕ್ತ ಕಮ್ಮಿ. ಪೂರ್ತಿ ತೆಗೆದರೆ ನೀರು ಹೋಗಲು ಪೈಪು ಬಾಟಲಿ ಇಟ್ಟು ಕಳಿಸುತ್ತೇವೆ, ವಾರ ಹತ್ತು ದಿನ ಅದನ್ನು ಹೊತ್ತು ತಿರುಗಬೇಕು.

ಕಂಕುಳಿನ ಬಗ್ಗೆ ಮರೆಯದೆ ಕೇಳಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೆ ಎಲ್ಲ ಗ್ರಂಥಿಗಳನ್ನೂ ತೆಗೆಯುವ ಅಗತ್ಯ ಇರುವುದಿಲ್ಲ. ಬಣ್ಣದ ದ್ರವ ಹಾಕಿ ಮೊದಲ ಒಂದೆರಡು ಗ್ರಂಥಿ ಹುಡುಕಿ, ಅವನ್ನಷ್ಟೇ ಪರೀಕ್ಷೆ ಮಾಡಿದರೆ ಸಾಕು. ಸೆಂಟಿನೆಲ್ ನೋಡ್ ಬಯಾಪ್ಸಿ ಅಂತ ಅದರ ಹೆಸರು. ಎಲ್ಲ ತೆಗೆದರೆ ಕೈ ಊದಿಕೊಳ್ಳುವ, ಭುಜ ಬಿಗಿಯುವ ಸಾಧ್ಯತೆ ಜಾಸ್ತಿ. ನಿಮ್ಮ ಅವ್ವ ದಿನಾ ಜೋಳದ ರೊಟ್ಟಿ ಬಡಿಯುವವರು, ಕೊಡ ಎತ್ತುವವರು. ಅವರಿಗೆ ಕೈ ಅಂದರೆ ಬದುಕು.

"ಈ ವಯಸ್ಸಲ್ಲಿ ಎದೆ ಯಾಕೆ ಬೇಕು?" ಮಗ ಕೇಳುತ್ತಾನೆ, ಸೊಸೆ ಕೇಳುತ್ತಾಳೆ, ಡಾಕ್ಟರೂ ಕೇಳುತ್ತಾರೆ. ಆ ಹೆಂಗಸಿನ ಮುಂದೆಯೇ ಕೇಳುತ್ತಾರೆ. ಕೆಲವು ವರ್ಷಗಳ ಹಿಂದೆ ಪೂರ್ತಿ ತೆಗೆಸಿಕೊಂಡ ಒಬ್ಬ ಅಮ್ಮ ಚೆಕಪ್‌ಗೆ ಬಂದಿದ್ದರು. ಅವರಿಗಾಗ ಎಪ್ಪತ್ತು ದಾಟಿತ್ತು. ಗಾಯ ಚೆನ್ನಾಗಿ ಮಾಗಿತ್ತು. ಕುಪ್ಪಸದ ಒಳಗಿಂದ ಒಂದು ಸಣ್ಣ ಗಂಟು ತೆಗೆದು ಟೇಬಲ್ ಮೇಲೆ ಇಟ್ಟರು. ಹಳೇ ಸೀರೆಯ ಬಟ್ಟೆಯಲ್ಲಿ ಹತ್ತಿ ತುಂಬಿ, ಕೈಯಲ್ಲೇ ಹೊಲಿದದ್ದು. ಕಳೆ ಕೀಳಲು ಬಗ್ಗಿದಾಗ ಅದು ಜಾರಿ ಸಾಲಿನಲ್ಲಿ ಬಿತ್ತಂತೆ. ಪಕ್ಕದ ಸಾಲಿನ ಹುಡುಗಿಯೊಬ್ಬಳು ಎತ್ತಿಕೊಟ್ಟಳಂತೆ. "ಅವತ್ತಿನಿಂದ ಕೂಲಿಗೆ ಹೋಗಿಲ್ಲವ್ವ" ಅಂದರು. ಅವರ ಫೈಲು ತಿರುವಿ ನೋಡಿದೆ. ಎರಡು ಸೆಂ.ಮೀ. ಗಂಟು, ಒಂದೇ ಇತ್ತು. ಉಳಿಸಬಹುದಿತ್ತು. ಒಪ್ಪಿಗೆ ಪತ್ರದಲ್ಲಿ ಮಗನ ಸಹಿ, ಕೆಳಗೆ ಅವರ ಹೆಬ್ಬೆಟ್ಟು. ಬೇರೆ ದಾರಿ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಅಂತಿಲ್ಲ. "ಒಂದೇ ಸಲಕ್ಕೆ ತೆಗೆದುಹಾಕ್ರಿ, ಮತ್ತ ಮ್ಯಾಮೊಗ್ರಾಮ್ ಅದು ಇದು ಅಂತ ಚಿಂತಿ ಬ್ಯಾಡ" ಅಂತ ತಾವೇ ಗಟ್ಟಿಯಾಗಿ ಹೇಳುವವರಿಗೆ ನಾನು ಸಂತೋಷವಾಗಿ ಅದನ್ನೇ ಮಾಡುತ್ತೇನೆ. ಅವರೂ ಚೆನ್ನಾಗಿದ್ದಾರೆ. 68 ವರ್ಷದ, ಬೇರೆ ದೊಡ್ಡ ಕಾಯಿಲೆ ಇಲ್ಲದ ಹೆಂಗಸು ಇನ್ನೂ ಹತ್ತು ಹನ್ನೆರಡು ವರ್ಷ ಬದುಕುವುದು ಸಾಮಾನ್ಯ. ಅಷ್ಟು ವರ್ಷ ದಿನಾ ಸ್ನಾನ ಮಾಡುವಾಗ ನೋಡಿಕೊಳ್ಳಬೇಕಾದ ಮೈ ಅವರದು.

"ನೀವು ಹ್ಯಾಂಗ ಅಂತೀರಿ ಹಂಗ" ಅನ್ನುವುದನ್ನು ಒಪ್ಪಿಗೆ ಅಂತ ತಿಳಿಯಬೇಡಿ. ಮಕ್ಕಳಿಗೆ ಖರ್ಚು ಮಾಡಿಸಬಾರದು ಎನ್ನುವ ಸಂಕೋಚ ಅದರೊಳಗಿದೆ. ಗಂಡುಮಕ್ಕಳ ಮುಂದೆ ಎದೆಯ ಮಾತು ಹೇಗೆ ಆಡಲಿ ಎನ್ನುವ ನಾಚಿಕೆಯೂ ಇದೆ. ಫೋನಿನಲ್ಲಿ ಕೇಳಬೇಡಿ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ. ಅವರು ಒಲೆ ಮುಂದೆ ಕೂತಾಗ ಪಕ್ಕದಲ್ಲಿ ಕೂತು, ಎರಡು ದಾರಿ ಇವೆ, ಎರಡರಲ್ಲೂ ಜೀವಕ್ಕೆ ಒಂದೇ, ಒಂದರಲ್ಲಿ ಎದೆ ಇರುತ್ತದೆ, ಸ್ವಲ್ಪ ದಿನ ನನ್ನ ಮನೆಯಲ್ಲಿ ಇರಬೇಕಾಗುತ್ತದೆ, ನನಗೇನೂ ತೊಂದರೆ ಇಲ್ಲ ಅಂತ ಹೇಳಿ. ಆಮೇಲೆ "ನಿಂಗ ಏನ್ ಅನಸ್ತೈತಿ ಅವ್ವ?" ಅಂತ ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಮರುದಿನವೂ ಬರಬಹುದು. ಎರಡು ಮೂರು ವಾರ ತಡವಾದರೆ ಈ ಬಗೆಯ ಗಂಟು ಕೈಮೀರಿ ಹೋಗುವುದಿಲ್ಲ, ತಿಂಗಳುಗಟ್ಟಲೆ ಬಿಡಬಾರದು ಅಷ್ಟೆ.

ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆ ಬಯಾಪ್ಸಿಯ ಬ್ಲಾಕು, ಸ್ಲೈಡುಗಳನ್ನೂ (ಪರೀಕ್ಷೆಗೆ ತೆಗೆದ ತುಣುಕನ್ನು ಮೇಣದಲ್ಲಿ, ಗಾಜಿನ ಮೇಲೆ ಇಟ್ಟಿರುತ್ತಾರೆ) ಲ್ಯಾಬಿನಿಂದ ಕೇಳಿ ತಗೊಳ್ಳಿ. ಮ್ಯಾಮೊಗ್ರಾಮ್ ಫಿಲ್ಮ್ ಇರಲಿ. ಸ್ತನ ಉಳಿಸುವ ಆಪರೇಷನ್ ಆಗಾಗ ಮಾಡುವ, ರೇಡಿಯೇಷನ್ ವಿಭಾಗವೂ ಇರುವ ಕಡೆಗೇ ಹೋಗಿ. ಡಾಕ್ಟರ ಎದುರಿನ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ. ನೀವೂ ಅಣ್ಣಂದಿರೂ ಹಿಂದೆ ನಿಲ್ಲಿ. ಪ್ರಶ್ನೆ ಬಂದಾಗ ಮೊದಲು ಅವರು ಬಾಯಿ ತೆರೆಯಲಿ.